ಬಿ.ಇಡಿ.ಯಲ್ಲಿ ಹದಿಹರೆಯದ ಘಟಕ: ಬಾಯಿಪಾಠ ಬಿಟ್ಟು ಬೇರೆ ಹೇಗೆ ಕಲಿಸ್ತೀರಿ?

ಕೌಲ್‌ಬಜಾರ್ ಕಟ್ಟೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಇಡಿ. ವಿದ್ಯಾರ್ಥಿಗಳಿಗೆ ಮನೋವಿಜ್ಞಾನ ಪಾಠ ಮಾಡುತ್ತೇನೆ. ಹದಿಹರೆಯದ ಘಟಕ ಬಂದಾಗಲೆಲ್ಲ ನನಗೆ ಒಂದೇ ತಲೆನೋವು. ಹುಡುಗರು ಹೆಸರು, ಇಸವಿ ಎಲ್ಲಾ ಗಟ್ಟಿ ಮಾಡಿಕೊಂಡು ಬರುತ್ತಾರೆ. ಸ್ಟಾನ್ಲಿ ಹಾಲ್, 1904, ಹದಿಹರೆಯ ಅಂದರೆ ಬಿರುಗಾಳಿಯ ಕಾಲ. ಎರಿಕ್‌ಸನ್, ಎಂಟು ಹಂತ, ಅದರಲ್ಲಿ ಐದನೆಯದು, ‘ನಾನು ಯಾರು’ ಅನ್ನುವ ಹುಡುಕಾಟ. ಪಿಯಾಜೆ, ಹನ್ನೊಂದು ಹನ್ನೆರಡಕ್ಕೆ ಅಮೂರ್ತ ಚಿಂತನೆ, ಅಂದರೆ ಕಣ್ಣೆದುರು ಇಲ್ಲದ್ದನ್ನೂ ತರ್ಕದಿಂದ ಯೋಚಿಸುವುದು. ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) 150 ಪ್ರಶ್ನೆಗಳಲ್ಲಿ 30 ಮಕ್ಕಳ ಬೆಳವಣಿಗೆ, ಬೋಧನೆಯ ಭಾಗದ್ದೇ ಇರುವುದರಿಂದ ಅವರನ್ನು ಬೈಯುವಂತೆಯೂ ಇಲ್ಲ.

ಆದರೆ ಅದೇ ವಿದ್ಯಾರ್ಥಿ ಇಂಟರ್ನ್‌ಶಿಪ್‌ಗೆ ಹೋಗಿ ಒಂಬತ್ತನೇ ಕ್ಲಾಸಿನಲ್ಲಿ ನಿಲ್ಲುತ್ತಾನೆ. ಹಿಂದಿನ ಬೆಂಚಿನ ಹುಡುಗ ತಲೆ ಕೆಳಗೆ ಹಾಕಿ ಮಲಗಿರುತ್ತಾನೆ. ಇವನ ಡೈರಿಯಲ್ಲಿ ಬರೆದದ್ದು: ‘ಸೋಮಾರಿ, ಪಾಠದಲ್ಲಿ ಆಸಕ್ತಿ ಇಲ್ಲ.’ ಅಷ್ಟೇ. ಓದಿದ ಒಂದು ಸಾಲೂ ಆ ಹುಡುಗನ ಹತ್ತಿರ ಸುಳಿದಿಲ್ಲ.

ನನ್ನ ಅನುಮಾನ ಏನಂದರೆ, ಪುಸ್ತಕದ ಹದಿಹರೆಯದ ಹುಡುಗನಿಗೆ ಸ್ವಂತ ರೂಮಿದೆ. ಸಿಟ್ಟು ಬಂದರೆ ಬಾಗಿಲು ಹಾಕಿಕೊಳ್ಳುತ್ತಾನೆ. ನಮ್ಮ ಕಡೆ ಹಾಕಿಕೊಳ್ಳೋಕೆ ಬಾಗಿಲಾದರೂ ಎಲ್ಲಿದೆ? ಅವನು ಬೆಳಿಗ್ಗೆ ಎಮ್ಮೆ ಮೇಯಿಸಿ, ಸಂಜೆ ಜೀನ್ಸ್ ಹೊಲಿಯುವ ಘಟಕದಲ್ಲಿ ದಾರ ಕತ್ತರಿಸಿ ಬಂದಿರುತ್ತಾನೆ. ಹಾಗಂತ ಪುಸ್ತಕ ಎತ್ತಿ ಬಿಸಾಕುವುದೂ ತಪ್ಪು. ಯಾವುದು ಎಲ್ಲ ಮಕ್ಕಳಿಗೂ ಒಂದೇ, ಯಾವುದು ಊರಿಂದ ಊರಿಗೆ ಬೇರೆ, ಇದನ್ನು ಬೇರೆ ಮಾಡಿ ನೋಡೋಕೆ ಕಲಿಸಬೇಕು. ಹೇಗೆ ಕಲಿಸ್ತೀರಿ? ಮಾಡಿ ನೋಡಿದವರು ಹೇಳಿ.

ಮಸ್ಕಿ ಮಾಸ್ತರ

ಸರ್, ನಾನು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳುವವನು. ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬಂದವರಿಗೆ ಪ್ರತಿ ಸಲ ಒಂದು ಕೆಲಸ ಕೊಡುತ್ತೇನೆ. ಪಿಯಾಜೆ ಮತ್ತು ಇನ್ಹೆಲ್ಡರ್ ಮಾಡಿದ ಲೋಲಕದ ಪ್ರಯೋಗ. ಖರ್ಚು ಏನೂ ಇಲ್ಲ. ದಾರ, ಎರಡು ಮೂರು ಸೈಜಿನ ಕಲ್ಲು, ಬೆಂಚಿನ ಅಂಚು. ‘ಇದು ಬೇಗ ಬೇಗ ತೂಗೋದು, ನಿಧಾನ ತೂಗೋದು ಯಾವುದರಿಂದ? ಕಂಡುಹಿಡಿ’ ಅಂತ ಒಬ್ಬ ಹುಡುಗನಿಗೆ ಹೇಳಿ ಸುಮ್ನೆ ಕೂರಬೇಕು. ಉತ್ತರ ಹೇಳಿಕೊಡಬಾರದು.

ನೋಡಬೇಕಾದ್ದು ಉತ್ತರವನ್ನಲ್ಲ, ಕೈಯನ್ನು. ಏಳನೇ ಕ್ಲಾಸಿನವನು ದಾರ ಗಿಡ್ಡ ಮಾಡುತ್ತಾನೆ, ಜೊತೆಗೇ ಕಲ್ಲೂ ಬದಲಿಸುತ್ತಾನೆ. ‘ದೊಡ್ಡ ಕಲ್ಲು ಸರ್, ಅದಕ್ಕೇ’ ಅಂತಾನೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಆಯ್ತು ಅಂತ ಗೊತ್ತಾಗಲ್ಲ ಅನ್ನೋದು ಅವನಿಗೆ ಹೊಳೆಯುವುದಿಲ್ಲ. ಹತ್ತನೆಯವರಲ್ಲಿ ಕೆಲವರು ಕಲ್ಲು ಹಾಗೇ ಬಿಟ್ಟು ದಾರ ಮಾತ್ರ ಬದಲಿಸುತ್ತಾರೆ. ಆಮೇಲೆ ದಾರ ಹಾಗೇ ಬಿಟ್ಟು ಕಲ್ಲು ಬದಲಿಸುತ್ತಾರೆ. ಅಲ್ಲಿಗೆ ಪಿಯಾಜೆ ಹೇಳಿದ ಹಂತ ಕಣ್ಣಿಗೆ ಕಾಣುತ್ತದೆ. ಒಂದು ಮೀಟರ್ ದಾರಕ್ಕೆ ಒಮ್ಮೆ ಹೋಗಿ ಬರೋಕೆ ಸುಮಾರು 2 ಸೆಕೆಂಡ್, ಕಾಲು ಮೀಟರಿಗೆ 1 ಸೆಕೆಂಡ್. ಕಲ್ಲು ಯಾವುದಾದರೂ ಇರಲಿ.

ಈಗ ಕಥೆಯ ಇನ್ನೊಂದು ಮಗ್ಗಲು ಕೇಳಿ. ನಮ್ಮ ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಲೋಲಕದ ಮುಂದೆ ಪೂರ್ತಿ ಗೊಂದಲ. ಕಲ್ಲು, ದಾರ, ತಳ್ಳುವ ಜೋರು ಎಲ್ಲ ಕಲಸಿಬಿಟ್ಟ. ಅದೇ ಹುಡುಗ ಹೊಲದಲ್ಲಿ ಪಂಪ್‌ಸೆಟ್ ನೀರು ಎತ್ತದಿದ್ದರೆ ಏನು ಮಾಡುತ್ತಾನೆ? ಮೊದಲು ಕರೆಂಟ್ ಮೂರು ಫೇಸ್ ಬಂದಿದೆಯಾ ನೋಡುತ್ತಾನೆ. ಬಂದಿದ್ದರೆ ಫ್ಯೂಸು. ಅದೂ ಸರಿ ಇದ್ದರೆ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದೆಯಾ ಅಂತ. ಒಂದೊಂದಾಗಿ, ಬೇರೆಲ್ಲ ಹಾಗೇ ಬಿಟ್ಟು. ಇದು ಅಮೂರ್ತ ಚಿಂತನೆ ಅಲ್ವಾ? ಇಂಟರ್ನ್‌ಶಿಪ್ ಹುಡುಗಿ ಅವನ ಹೆಸರಿನ ಮುಂದೆ ‘ಮೂರ್ತ ಹಂತ’, ಅಂದರೆ ಅಮೂರ್ತ ಚಿಂತನೆಗೆ ಇನ್ನೂ ಬಂದಿಲ್ಲ ಅಂತ ಬರೆದಿದ್ದಳು.

ಬಿಎಡ್ ಎರಡನೇ ವರ್ಷ, ಸಂಡೂರು

ಮಾಸ್ತರ್, ಹಾಗಾದರೆ ಪಿಯಾಜೆ ಹೇಳಿದ್ದು ತಪ್ಪು ಅಂತ ಪರೀಕ್ಷೆಯಲ್ಲಿ ಬರೀಬಹುದಾ? 😅 ನಮ್ಮ ನೋಟ್ಸಿನಲ್ಲಿ ಇದೆಲ್ಲ ಇಲ್ಲವೇ ಇಲ್ಲ.

ಕೌಲ್‌ಬಜಾರ್ ಕಟ್ಟೆ, ಬಳ್ಳಾರಿ

ತಪ್ಪು ಅಂತ ಬರೀಬೇಡಮ್ಮ. ಅದಕ್ಕಿಂತ ಒಳ್ಳೆಯದೊಂದು ಇದೆ. 1972ರಲ್ಲಿ ಪಿಯಾಜೆ ತಾನೇ ಈ ಮಾತು ತಿದ್ದಿಕೊಂಡ. ಮೊದಲು ನೋಡಿದ್ದು ಒಳ್ಳೆ ಶಾಲೆಗಳ ಮಕ್ಕಳನ್ನು. ಎಲ್ಲರೂ ಈ ಹಂತ ಮುಟ್ಟಬಹುದು, ಆದರೆ ಅವರವರ ಕಸುಬಿನಲ್ಲಿ, ಬೇರೆ ಬೇರೆ ವಯಸ್ಸಿಗೆ ಅಂದ. ಬಡಗಿ, ಬೀಗದ ಕೆಲಸ, ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗರನ್ನೇ ಉದಾಹರಣೆಗೆ ಕೊಟ್ಟ. ಮಸ್ಕಿಯ ಪಂಪ್‌ಸೆಟ್ ಹುಡುಗ ಅಲ್ಲಿಗೆ ಸರಿಯಾಗಿ ಕೂರುತ್ತಾನೆ. ಇದನ್ನೇ ಬರಿ. ಮಾರ್ಕ್ಸ್ ಕೊಡದಿದ್ದರೆ ನನ್ನ ಹತ್ತಿರ ಬಾ.

ಕುಷ್ಟಗಿ ಅಕ್ಕೋರು

ನಾನು ಎಂಟನೇ ಕ್ಲಾಸಿನ ಹದಿಹರೆಯದ ಪಾಠದ ಬಗ್ಗೆ ಹೇಳುತ್ತೇನೆ. ಸರ್ ಮಾತಾಡುತ್ತಿರುವುದು ಕಲಿಸುವವರಿಗೆ ಕಲಿಸುವ ಬಗ್ಗೆ. ಆದರೆ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೇ ಈ ಪಾಠ ಆಗುವುದಿಲ್ಲ. ‘ಮನೇಲಿ ಓದಿಕೊಳ್ಳಿ’ ಅಂತ ಮುಂದಕ್ಕೆ ಹೋಗುತ್ತಾರೆ. 2007ರಲ್ಲಿ ಶಾಲೆಗಳ ಲೈಂಗಿಕ ಶಿಕ್ಷಣಕ್ಕೆ ನಮ್ಮ ರಾಜ್ಯದಲ್ಲಿ ತಡೆ ಬಿದ್ದಾಗ ಆದ ಗದ್ದಲ ಹಿರಿಯ ಶಿಕ್ಷಕರಿಗೆ ಇನ್ನೂ ನೆನಪಿದೆ. ಆ ಹೆದರಿಕೆ ಇನ್ನೂ ಹೋಗಿಲ್ಲ. ಪಠ್ಯದಲ್ಲೇ ಇರುವ ಪಾಠ ಮಾಡೋಕೆ ಯಾರ ಅಪ್ಪಣೆ ಬೇಕು ಹೇಳಿ.

ನನ್ನ ದಾರಿ ಪ್ರಶ್ನೆ ಪೆಟ್ಟಿಗೆ. ಇದು ಎಲ್ಲರೂ ಹೇಳುವುದೇ, ಆದರೆ ಒಂದು ಸಣ್ಣ ವಿಷಯ ತಪ್ಪಿದರೆ ಪೆಟ್ಟಿಗೆ ಖಾಲಿ ಬರುತ್ತದೆ. ‘ಪ್ರಶ್ನೆ ಇದ್ದವರು ಬರೆದು ಹಾಕಿ’ ಅಂದರೆ ಯಾರೂ ಬರೆಯಲ್ಲ. ಪೆನ್ನು ಎತ್ತಿದವಳ ಕಡೆ ಇಡೀ ಕ್ಲಾಸು ತಿರುಗುತ್ತದೆ. ಅದಕ್ಕೆ ಎಲ್ಲರಿಗೂ ಒಂದೇ ಸೈಜಿನ ಚೀಟಿ ಕೊಡುತ್ತೇನೆ. ಪ್ರಶ್ನೆ ಇದ್ದವರು ಪ್ರಶ್ನೆ ಬರೆಯಬೇಕು. ಇಲ್ಲದವರು ಪುಸ್ತಕದ ಎರಡು ಸಾಲು ನಕಲು ಮಾಡಬೇಕು. ಎಲ್ಲರ ಪೆನ್ನೂ ಓಡುತ್ತಿರುತ್ತದೆ. ಮಡಚಿ, ಎಲ್ಲರೂ ಹಾಕಬೇಕು. ಅಕ್ಷರ ಗುರುತು ಸಿಗಬಾರದು ಅಂತ ಕೆಲವರು ಎಡಗೈಯಲ್ಲಿ ಬರೆಯುತ್ತಾರೆ, ಪಾಪ.

ಬರುವ ಪ್ರಶ್ನೆ ನೋಡಿದರೆ ಪಾಠ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುತ್ತದೆ. ಹುಡುಗಿಯರದ್ದು: ಮೂರು ತಿಂಗಳಾದರೂ ಮುಟ್ಟು ಬಂದಿಲ್ಲ, ಏನಾದರೂ ರೋಗವಾ? ಒಂದು ಕಡೆ ಎದೆ ಸಣ್ಣ, ಇನ್ನೊಂದು ಕಡೆ ದೊಡ್ಡ, ಹೀಗೇ ಉಳಿಯುತ್ತಾ? ಹುಡುಗರದ್ದು: ನನಗಿನ್ನೂ ದನಿ ಒಡೆದಿಲ್ಲ, ಮೀಸೆ ಬಂದಿಲ್ಲ. ರಾತ್ರಿ ಬಟ್ಟೆ ಒದ್ದೆಯಾದರೆ ಶಕ್ತಿ ಹೋಗುತ್ತಾ? ಈ ಕೊನೆಯದು ಪ್ರತಿ ವರ್ಷ ಬರುತ್ತದೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಖರ್ಚು ಅಂತ ಯಾರೋ ಅಣ್ಣಂದಿರು ಹೇಳಿರುತ್ತಾರೆ. ಗೋಡೆ ಮೇಲಿನ ‘ಗುಪ್ತ ರೋಗ’ದ ಜಾಹೀರಾತು ಮಿಕ್ಕಿದ್ದನ್ನು ಹೇಳಿರುತ್ತದೆ. ಹಾಗೇನೂ ಇಲ್ಲ, ಅದು ಬೆಳೆಯುವ ದೇಹದ ಸಹಜ ಕೆಲಸ, ರಕ್ತ ಖರ್ಚಾಗುವುದಿಲ್ಲ ಅಂತ ಹೇಳೋಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಆದಮೇಲೆ ಕ್ಲಾಸಿನ ಮುಖಗಳನ್ನು ನೋಡಬೇಕು ನೀವು.

ಇನ್ನೊಂದು. ಮೊದಲ ಒಂದೆರಡು ವರ್ಷ ಮುಟ್ಟು ತಿಂಗಳು ತಪ್ಪುವುದು ಸಾಮಾನ್ಯ ಅಂತ ನಾನೇ ಹೇಳುತ್ತೇನೆ. ಆದರೆ ಮೂರು ತಿಂಗಳಿಗಿಂತ ಜಾಸ್ತಿ ಬಾರದಿದ್ದರೆ, ತುಂಬಾ ರಕ್ತ ಹೋದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತಲೇ ಇರುವ ಸ್ನೇಹ ಕ್ಲಿನಿಕ್‌ಗೆ ಹೋಗು ಅಂತಲೂ ಹೇಳುತ್ತೇನೆ.

ಸಿಂಧನೂರು ಭತ್ತ

ನಾನು ಶಿಕ್ಷಕ ಅಲ್ಲ. ಹದಿನೈದರ ಮಗನ ಅಪ್ಪ. ನಿಮ್ಮ ಲೋಲಕ, ಪೆಟ್ಟಿಗೆ ಎಲ್ಲ ಚೆನ್ನಾಗಿದೆ. ನನ್ನದು ಸೀದಾ ಪ್ರಶ್ನೆ. ಮನೆಯಲ್ಲಿ ಒಬ್ಬನೇ ಇದ್ದಾಗ ಬಂಗಾರದಂಥ ಹುಡುಗ. ಹೇಳಿದ್ದು ಕೇಳುತ್ತಾನೆ. ಗೆಳೆಯರು ಬಂದರೆ ಸಾಕು, ಒಂದೇ ಗಾಡಿಯ ಮೇಲೆ ಮೂರು ಜನ ಕೂತು ಕಾಲುವೆ ಏರಿ ಮೇಲೆ ಹಾರಿಸಿಕೊಂಡು ಹೋಗುತ್ತಾರೆ. ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಅದರ ಸೆಳೆತ ಹೇಗಿರುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ನಾನು ಕೇಳಿದರೆ ಎಷ್ಟು ಅಪಾಯ ಅಂತ ಅವನೇ ನನಗೆ ಪಾಠ ಹೇಳುತ್ತಾನೆ. ಗೊತ್ತಿದ್ದೂ ಹಾರುತ್ತಾನೆ. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನಿದೆ?

ಕೊಪ್ಪಳ ಆಪ್ತ ಸಮಾಲೋಚಕಿ

ಅಣ್ಣಾವ್ರೆ, ಇದಕ್ಕೆ ಪುಸ್ತಕದಲ್ಲಿ ಒಳ್ಳೆಯ ಉತ್ತರವೇ ಇದೆ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಅನ್ನುವವರು ಅಮೆರಿಕದಲ್ಲಿ ಒಂದು ಕಂಪ್ಯೂಟರ್ ಆಟ ಆಡಿಸಿದರು. ಕಾರು ಓಡಿಸುತ್ತಾ ಹೋಗಬೇಕು. ಹಳದಿ ದೀಪ ಬಂದಾಗ ನಿಲ್ಲಿಸಬೇಕಾ, ಇನ್ನಷ್ಟು ಮುಂದೆ ಹೋಗಿ ಅಂಕ ಗಿಟ್ಟಿಸಬೇಕಾ ಅಂತ ತೀರ್ಮಾನ ಮಾಡಬೇಕು. 13ರಿಂದ 16ರವರು, 18ರಿಂದ 22ರವರು, 24 ದಾಟಿದವರು. ಒಬ್ಬರೇ ಆಡಿದಾಗ ಮೂರೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಗೆಳೆಯರು ಪಕ್ಕದಲ್ಲಿ ಕೂತಾಗ ಚಿಕ್ಕವರು ಎಲ್ಲರಿಗಿಂತ ಜಾಸ್ತಿ ನುಗ್ಗಿದರು. ದೊಡ್ಡವರ ಮೇಲೆ ಗೆಳೆಯರ ಪರಿಣಾಮ ಅಷ್ಟಿರಲಿಲ್ಲ.

ಅಂದರೆ ನಿಮ್ಮ ಮಗನಿಗೆ ತಿಳುವಳಿಕೆ ಕಮ್ಮಿ ಅಂತ ಅಲ್ಲ. ಸಮಾಧಾನವಾಗಿ ಕೂತು ಯೋಚಿಸುವುದರಲ್ಲಿ ಹದಿನಾರರವರು ದೊಡ್ಡವರಿಗೆ ಹೆಚ್ಚುಕಡಿಮೆ ಸಮ. ಗೆಳೆಯರ ಮುಂದೆ, ಉಮೇದು ಏರಿದಾಗ ತಡೆ ಹಾಕಿಕೊಳ್ಳುವ ಶಕ್ತಿ ಮಾತ್ರ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಹಣೆಯ ಹಿಂದಿನ ಮೆದುಳಿನ ಭಾಗ ಕೊನೆಗೆ ಪಕ್ವವಾಗುವುದು ಇಪ್ಪತ್ತರ ನಡುವಿನಲ್ಲಿ. ಅದಕ್ಕೇ ‘ಅಪಾಯ ಕಣೋ’ ಅಂತ ನೂರು ಸಲ ಹೇಳುವುದರಿಂದ ಆಗುವ ಲಾಭ ಸ್ವಲ್ಪವೇ. ಗಾಡಿ ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳುವುದು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಲೈಸೆನ್ಸ್ ಇಲ್ಲದವನಿಗೆ ಕೀಲಿ ಕೊಟ್ಟರೆ ಕೇಸು ಬೀಳುವುದು ನಿಮ್ಮ ಮೇಲೆ, ಅದನ್ನೂ ನೆನಪಿಡಿ.

ಆದರೆ ಶಿಕ್ಷಕರಿಗೆ ಒಂದು ಮಾತು. ‘ಮೆದುಳು ಇನ್ನೂ ಬೆಳೆದಿಲ್ಲ’ ಅನ್ನೋದನ್ನು ಈಗೀಗ ಎಲ್ಲರೂ ಬೈಗುಳದ ಥರ ಬಳಸುತ್ತಾರೆ. ಹುಡುಗಿ ‘ನಾನು ಪಿಯುಸಿ ಓದುತ್ತೇನೆ, ಈಗಲೇ ಮದುವೆ ಬೇಡ’ ಅಂದರೂ ‘ನಿನಗೇನು ತಿಳಿಯುತ್ತೆ’ ಅಂತಾರೆ. ಆಗ ಅದೇ ಸಂಶೋಧನೆ ಅವಳ ಕಡೆಗಿದೆ ಅಂತ ಹೇಳಬೇಕು. ಅವಳು ಕೂತು ಯೋಚಿಸಿ ಹೇಳಿದ ಮಾತು ಅದು.

ಸಿಂಧನೂರು ಭತ್ತ

ಕೀಲಿ ಜೇಬಿಗೆ ಬಂತು ಅಕ್ಕ. ಮನೆಯಲ್ಲಿ ಈಗ ಮಾತುಕತೆ ಬಂದ್ 😄

ಪಿಎಚ್‌ಡಿ ದಾರಿಯಲ್ಲಿ, ರಾಯಚೂರು

ಎಲ್ಲರೂ ಕಲಿಸುವ ಮಾತಾಡಿದಿರಿ. ನಾನು ಅಧ್ಯಯನ ಮಾಡುವ ಕಷ್ಟ ಹೇಳುತ್ತೇನೆ. ಹದಿಹರೆಯದ ಯಾವ ಅಧ್ಯಯನಕ್ಕೂ ಮೊದಲು ಬೇಕಾಗಿರುವುದು ವಯಸ್ಸು. ದೇವದುರ್ಗ ತಾಲ್ಲೂಕಿನ ಯಾವುದಾದರೂ ಹಳ್ಳಿ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ. ಜೂನ್ 1, ಜೂನ್ 1, ಜೂನ್ 1. ಊರಿನ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದ್ದಾರೆ! ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದಾಗ ಗುರುಗಳು ಅಂದಾಜಿಗೆ ಹಾಕಿದ ದಿನ ಅದು. ಮುಂದೆ ಆಧಾರ್‌ಗೂ ಅದೇ, ಅಂಕಪಟ್ಟಿಗೂ ಅದೇ. ಈಗ ಸಣ್ಣ ಮಕ್ಕಳಿಗೆ ಆಸ್ಪತ್ರೆಯ ಜನನ ಪತ್ರ ಇರುವುದರಿಂದ ಕಮ್ಮಿಯಾಗಿದೆ, ನಿಜ.

ಇದರಿಂದ ಏನಾಗುತ್ತದೆ ಅಂದರೆ, ದಾಖಲೆಯಲ್ಲಿ ಹದಿಮೂರು ಇರುವ ಇಬ್ಬರಲ್ಲಿ ಒಬ್ಬಳಿಗೆ ನಿಜಕ್ಕೂ ಹದಿನಾಲ್ಕೂವರೆ ಇರಬಹುದು. ಈ ವಯಸ್ಸಿನಲ್ಲಿ ಒಂದೂವರೆ ವರ್ಷ ಅಂದರೆ ಸಣ್ಣ ಮಾತಲ್ಲ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಎತ್ತರಕ್ಕೆ ಹಾರುತ್ತಾರೆ. ಏಳು, ಎಂಟನೇ ಕ್ಲಾಸಿನ ಫೋಟೊ ನೋಡಿದರೆ ಹಿಂದಿನ ಸಾಲಿನಲ್ಲಿ ನಿಂತವರೆಲ್ಲ ಹುಡುಗಿಯರೇ. ಅದಕ್ಕೆ ನಾನು ವಯಸ್ಸನ್ನು ಎರಡು ಮೂರು ಕಡೆಯಿಂದ ಕೇಳುತ್ತೇನೆ. ತಾಯಿ ಕಾರ್ಡ್ ಇದೆಯಾ, ಯಾವ ಜಾತ್ರೆ ಹೊತ್ತಿಗೆ ಹುಟ್ಟಿದ್ದು, 2009ರ ನೆರೆ ಬಂದಾಗ ಕೈಗೂಸಾ, ನಡೆಯುತ್ತಿತ್ತಾ? ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಬಂದ ನೆರೆಯನ್ನು ಕೃಷ್ಣಾ, ತುಂಗಭದ್ರಾ ದಂಡೆಯ ತಾಯಂದಿರು ಮರೆಯುವುದಿಲ್ಲ. ದೊಡ್ಡ ಹುಡುಗರ ವಯಸ್ಸು ಅದರಿಂದ ಚೆನ್ನಾಗಿ ಸಿಗುತ್ತಿತ್ತು. ಈಗಿನ ಹೈಸ್ಕೂಲಿನವರು ಆಮೇಲೆ ಹುಟ್ಟಿದವರು, ಅವರಿಗೆ ಕೊರೋನಾ ಸಮಯದಲ್ಲಿ ಯಾವ ಕ್ಲಾಸು ಅಂತ ಕೇಳುತ್ತೇನೆ.

ಎರಡನೇ ಕಷ್ಟ ಪ್ರಶ್ನಾವಳಿ. ‘ನನ್ನ ಬಗ್ಗೆ ನನಗೆ ಹೆಮ್ಮೆ ಇದೆ: ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.’ ಇಂಥದ್ದನ್ನು ಇಡೀ ಕ್ಲಾಸಿಗೆ ಹಂಚಿದರೆ ಮಕ್ಕಳ ಪಾಲಿಗೆ ಅದು ಪರೀಕ್ಷೆ. ಸರಿ ಉತ್ತರ ಯಾವುದು ಅಂತ ಪಕ್ಕದವಳ ಹಾಳೆ ನೋಡಿ ಬರೆಯುತ್ತಾರೆ! ಒಂದು ಬೆಂಚಿನ ನಾಲ್ಕು ಮಂದಿಯ ಆತ್ಮಗೌರವ ಅಕ್ಷರಶಃ ಒಂದೇ. ನಾನೀಗ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುತ್ತೇನೆ. ನಿಧಾನ ಆಗುತ್ತದೆ, ಗೈಡ್ ಬೈಯುತ್ತಾರೆ.

ಮೂರನೆಯದು ಗುಳೆ. ಜೂನ್‌ನಲ್ಲಿ ಮಾತಾಡಿಸಿದ ಹುಡುಗ ಜನವರಿಯಲ್ಲಿ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಲ್ಲಿರುತ್ತಾನೆ. ಅವನನ್ನು ಬಿಟ್ಟು ಉಳಿದವರ ಲೆಕ್ಕ ಹಾಕಿದರೆ ನಮ್ಮ ಹದಿಹರೆಯ ತುಂಬಾ ಚೆನ್ನಾಗಿದೆ ಅಂತ ಬರುತ್ತದೆ. ಉಳಿದವರು ಉಳಿಯುವ ಶಕ್ತಿ ಇದ್ದವರೇ ತಾನೇ. ಅದೇ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನ ನಮ್ಮ ಪಕ್ಕದಲ್ಲೇ ಆಗಿದೆ. ‘ಯಂಗ್ ಲೈವ್ಸ್’ ಅಂತ. 2002ರಿಂದ ಆಗಿನ ಆಂಧ್ರದಲ್ಲಿ ಮೂರು ಸಾವಿರ ಮಕ್ಕಳ ಜೊತೆ ಶುರುವಾಯಿತು. ಅನಂತಪುರ, ಮೆಹಬೂಬ್‌ನಗರ ಜಿಲ್ಲೆಗಳೂ ಅದರಲ್ಲಿದ್ದವು. ಗಡಿ ದಾಟಿದರೆ ನಮ್ಮದೇ ಬಿಸಿಲು, ನಮ್ಮದೇ ಹತ್ತಿ. ಬಿ.ಇಡಿ.ಯವರಿಗೆ ಲಂಡನ್ ಮಕ್ಕಳಿಗಿಂತ ಮೊದಲು ಇದನ್ನು ಓದಿಸಿ ಸರ್.

ಕುಷ್ಟಗಿ ಅಕ್ಕೋರು

ಗುಳೆ ಅಂದಾಗ ನೆನಪಾಯಿತು. ನಮ್ಮ ಕಡೆ ಊರು ಬಿಡದೆಯೇ ಶಾಲೆ ಬಿಡುತ್ತಾರೆ. ಸೀಡ್ಸ್ ಪ್ಲಾಟ್. ಆಗಸ್ಟ್ ಬಂದರೆ ಹತ್ತಿ ಬೀಜದ ಕ್ರಾಸಿಂಗ್ ಕೆಲಸ. ಸಂಜೆ ಹೊತ್ತು ಮರುದಿನ ಅರಳುವ ಮೊಗ್ಗಿನ ಸಿಪ್ಪೆ ಸುಲಿದು ಕೇಸರ ತೆಗೆಯಬೇಕು. ಬೆಳಿಗ್ಗೆ ಗಂಡು ಹೂವು ತಂದು ಒಂದೊಂದಕ್ಕೂ ಸವರಬೇಕು. ಗಿಡದ ಎತ್ತರ ಮಕ್ಕಳಿಗೆ ಸರಿಹೊಂದುತ್ತದೆ, ಬೆರಳು ಸಣ್ಣ, ಕೂಲಿಯೂ ಸಣ್ಣ. ಔಷಧಿ ಹೊಡೆದ ಹೊಲ ಅದು. 14ರೊಳಗಿನವರಿಂದ ಕೂಲಿ ಕೆಲಸ ಮಾಡಿಸುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 2016ರ ತಿದ್ದುಪಡಿ ಆದಮೇಲೆ ಕಾನೂನು ಇಷ್ಟು ಸ್ಪಷ್ಟ. ಹಾಜರಿ ಪುಸ್ತಕವೂ ಸ್ಪಷ್ಟ.

ಮೇಲೆ ಸರ್ ಹೇಳಿದ ಮಲಗುವ ಹುಡುಗನ ಬಗ್ಗೆ ಎರಡು ಮಾತು. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ದೇಹವೇ ಬೇಗ ಮಲಗೋಕೆ ಬಿಡಲ್ಲ. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರ ಶಿಫಾರಸು. ಇದು ಎಲ್ಲ ದೇಶದ ಮಕ್ಕಳಿಗೂ ಒಂದೇ. ಆದರೆ ಬೆಳಿಗ್ಗೆ ಐದಕ್ಕೆ ಎಬ್ಬಿಸುವುದು ನಮ್ಮದು. ನಲ್ಲಿ ನೀರು, ಸಗಣಿ, ರೊಟ್ಟಿ, ಆಮೇಲೆ ಎಂಟೂವರೆಗೆ ಎಸ್ಸೆಸ್ಸೆಲ್ಸಿ ವಿಶೇಷ ತರಗತಿ. ಹುಡುಗಿಯರಾದರೆ ಇದರ ಮೇಲೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತ ಕಮ್ಮಿ, ಹುಡುಗರಲ್ಲಿ ಶೇಕಡ 31. ಅಷ್ಟು ಮಂದಿ ಕ್ಲಾಸಿನಲ್ಲಿ ಕೂತಿದ್ದಾರೆ ಅಂತ ಗೊತ್ತಿದ್ದರೆ ‘ಆಸಕ್ತಿ ಇಲ್ಲ’ ಅಂತ ಬರೆಯುವ ಮೊದಲು ಕೈ ತಡೆಯುತ್ತದೆ.

ರಕ್ತಹೀನತೆಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತೇವೆ. ಅರ್ಧ ಮಂದಿ ನಾಲಿಗೆ ಕೆಳಗೆ ಇಟ್ಟುಕೊಂಡು ಹೊರಗೆ ಉಗಿಯುತ್ತಾರೆ. ಊಟ ಆದಮೇಲೆ ಕೊಡಬೇಕು, ಮಲ ಕಪ್ಪಗೆ ಬಂದರೆ ಹೆದರಬೇಡಿ ಅಂತ ಮೊದಲೇ ಹೇಳಬೇಕು. ಹೇಳದೆ ಕೊಟ್ಟರೆ ಮಾತ್ರೆ ಇರುವುದು ಕಾಂಪೌಂಡ್ ಪಕ್ಕದ ಮುಳ್ಳಿನಲ್ಲಿ.

ಬಿಎಡ್ ಎರಡನೇ ವರ್ಷ, ಸಂಡೂರು

ಅಕ್ಕೋರೆ, ನಮ್ಮ ಹಾಸ್ಟೆಲ್ ಕಿಟಕಿ ಕೆಳಗೂ ಸಿಗುತ್ತಿತ್ತು ನೀಲಿ ಮಾತ್ರೆ 🙈

ನನಗೊಂದು ಪ್ರಶ್ನೆ. ‘ನಾನು ಯಾರು’ ಅನ್ನುವ ಗುರುತಿನ ಬಗ್ಗೆ ಮನೋವಿಜ್ಞಾನಿ ಮಾರ್ಶಿಯಾ ಹೇಳಿದ ನಾಲ್ಕು ಸ್ಥಿತಿಗಳಲ್ಲಿ ಒಂದು, ತಾನು ಹುಡುಕದೆ ದೊಡ್ಡವರು ಕೊಟ್ಟ ಗುರುತನ್ನೇ ಒಪ್ಪಿಕೊಳ್ಳುವುದು. ನಮ್ಮ ಊರಲ್ಲಿ ಹತ್ತನೇ ಕ್ಲಾಸ್ ಮುಗಿದ ಕೂಡಲೇ ಸೋದರಮಾವನಿಗೆ ಕೊಡೋದು ಅಂತ ಹುಟ್ಟಿದಾಗಲೇ ಮಾತಾಗಿರುತ್ತದೆ. ಆ ಹುಡುಗಿಯನ್ನು ಈ ಸ್ಥಿತಿಯಲ್ಲಿ ಇದ್ದಾಳೆ ಅಂತ ಬರೆಯಬಹುದಾ?

ಮಸ್ಕಿ ಮಾಸ್ತರ

ಬರೀಬಹುದು. ಉದಾಹರಣೆ ಪಕ್ಕಾ ಇದೆ.

ಕೊಪ್ಪಳ ಆಪ್ತ ಸಮಾಲೋಚಕಿ

ಬರೀಬಾರದು ಅಂತ ನನ್ನ ವಾದ, ಮಾಸ್ತರೆ. ಮಾರ್ಶಿಯಾ 1966ರಲ್ಲಿ ಮಾತಾಡಿಸಿದ್ದು ಅಮೆರಿಕದ ಕಾಲೇಜು ಹುಡುಗರನ್ನು. ಅವರ ಮುಂದೆ ಹತ್ತು ದಾರಿ ಇದ್ದವು. ದಾರಿ ಇದ್ದೂ ಹುಡುಕದವನಿಗೂ, ದಾರಿಯನ್ನೇ ಮುಚ್ಚಿಸಿಕೊಂಡವಳಿಗೂ ಒಂದೇ ಹೆಸರು ಅಂಟಿಸಿದರೆ ತಪ್ಪು ಅವಳದ್ದು ಅನ್ನಿಸುತ್ತದೆ. ಅವಳ ಮನಸ್ಸಿನ ಸ್ಥಿತಿಯಲ್ಲ ಅದು, ಅವಳ ಮನೆಯ ತೀರ್ಮಾನ. ಹದಿನೆಂಟರ ಒಳಗೆ ಆದರೆ ಕಾನೂನಿನ ಪ್ರಕಾರ ಅಪರಾಧ. ಕರ್ನಾಟಕದ ತಿದ್ದುಪಡಿ ಬಂದಮೇಲೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟ್ ಬೇರೆ ರಾಜ್ಯಗಳೂ ಹೀಗೇ ಮಾಡಲಿ ಅಂತ ಇದನ್ನೇ ತೋರಿಸಿತು.

ಮಸ್ಕಿ ಮಾಸ್ತರ

ಮೇಡಂ, ಕಾನೂನು ಒಪ್ಪಿದೆ. ಆದರೆ ಆ ಹುಡುಗಿಯ ಒಳಗೆ ಏನು ನಡೆಯುತ್ತಿದೆ ಅನ್ನೋದು ಬೇರೆ ಪ್ರಶ್ನೆ. ಕೆಲವರು ಸಂತೋಷದಿಂದಲೇ ‘ಮಾವನ ಮನೆ ಅಂದರೆ ನನ್ನ ಅಜ್ಜಿ ಮನೆ ತಾನೇ’ ಅಂತಾರೆ. ಅವರನ್ನೂ ‘ಮುಚ್ಚಿಸಿಕೊಂಡವರು’ ಅಂತ ನಾವೇ ತೀರ್ಪು ಕೊಡೋದು ಸರಿಯಾ? ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜ್ ನೆಪ ಹೋಗಿದೆ, ಪಿಯುಸಿಗೆ ಹೋಗುವವರು ಹೋಗುತ್ತಾರೆ. ಹೋಗಲ್ಲ ಅನ್ನುವವರ ಮಾತನ್ನೂ ಕೇಳೋಣ.

ಕೊಪ್ಪಳ ಆಪ್ತ ಸಮಾಲೋಚಕಿ

ಕೇಳೋಣ. ಅವಳ ಅವ್ವ, ಅಜ್ಜಿ ಇಲ್ಲದಾಗ ಕೇಳೋಣ. ನಾನು ಕೇಳಿದ್ದೇನೆ, ಉತ್ತರ ಬೇರೆ ಇರುತ್ತದೆ.

ಕೌಲ್‌ಬಜಾರ್ ಕಟ್ಟೆ, ಬಳ್ಳಾರಿ

ಈ ಜಗಳವನ್ನೇ ಕ್ಲಾಸಿಗೆ ತರುತ್ತೇನೆ. ಒಂದು ಗುಂಪು ಮಾಸ್ತರ ಕಡೆ, ಒಂದು ಗುಂಪು ಮೇಡಂ ಕಡೆ. ನನ್ನ ಒಲವು ಮೇಡಂ ಕಡೆಗೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಸಂಶೋಧನೆ ಓದುವುದನ್ನು ಕಲಿಸೋಕೂ ಹತ್ತಿರದ ಉದಾಹರಣೆಗಳೇ ಸಾಕು ಅಂತ ಈಗ ಅನ್ನಿಸುತ್ತಿದೆ. ಮೊಟ್ಟೆ ತಗೊಳ್ಳಿ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಶುರುವಾಯಿತು. ಮಕ್ಕಳ ತೂಕ ಏರಿತು. ಮೊಟ್ಟೆಯಿಂದಲೇ ಏರಿತಾ? ಈ ವಯಸ್ಸಿನ ಮಕ್ಕಳು ಮೊಟ್ಟೆ ಕೊಡದಿದ್ದರೂ ಬೆಳೆಯುತ್ತಾರೆ. ಅದಕ್ಕೇ ಮೊಟ್ಟೆ ಕೊಟ್ಟ ಯಾದಗಿರಿಯನ್ನು ಆಗ ಮೊಟ್ಟೆ ಇಲ್ಲದ ಗದಗದ ಜೊತೆ ಹೋಲಿಸಿ ನೋಡಿದರು. ಯಾದಗಿರಿ ಮಕ್ಕಳು ಜಾಸ್ತಿ ತೂಕ ಪಡೆದಿದ್ದರು. ಹೋಲಿಕೆಯ ಗುಂಪು ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ.

ಇದಕ್ಕೆ ಉಲ್ಟಾ ಒಂದಿದೆ. ವಿಜಯಪುರ, ಬಾಗಲಕೋಟೆಯಲ್ಲಿ ‘ಸಮತಾ’ ಅನ್ನುವ ಕಾರ್ಯಕ್ರಮ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರನ್ನು ಹೈಸ್ಕೂಲಿನಲ್ಲಿ ಉಳಿಸೋಕೆ ಕೆಲಸ ಮಾಡಿತು. ಕೆಲವು ಹಳ್ಳಿಗಳಲ್ಲಿ ಕಾರ್ಯಕ್ರಮ, ಉಳಿದವು ಹೋಲಿಕೆಗೆ. ಕೊನೆಗೆ ಒಟ್ಟಾರೆ ನೋಡಿದಾಗ ಎರಡರ ನಡುವೆ ಗಟ್ಟಿಯಾದ ಅಂತರ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಹೋಲಿಕೆಯ ಹಳ್ಳಿಗಳು ಇಲ್ಲದಿದ್ದರೆ ‘ನೋಡಿ, ನಮ್ಮಿಂದಲೇ ಸುಧಾರಿಸಿತು’ ಅಂತ ಚಪ್ಪಾಳೆ ತಟ್ಟಿಕೊಳ್ಳಬಹುದಿತ್ತು. ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ಓದಬೇಕು.

ಪಿಎಚ್‌ಡಿ ದಾರಿಯಲ್ಲಿ, ರಾಯಚೂರು

ಸರ್, ಇಂಟರ್ನ್‌ಶಿಪ್‌ನಲ್ಲಿ ಮಕ್ಕಳ ಜೊತೆ ಮಾತಾಡಿ ವರದಿ ಬರೆಸುವುದಾದರೆ ಒಪ್ಪಿಗೆ ವಿಷಯ ಮರೀಬೇಡಿ. ಹೆಡ್‌ಮಾಸ್ತರ ಸಹಿ ಒಂದೇ ಸಾಲದು. ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮಗುವಿನದ್ದೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಏಳು ದಾಟಿದ ಮಗುವನ್ನೂ ಕೇಳಬೇಕು ಅಂತಿದೆ. ಅಪ್ಪ ಹೂಂ ಅಂದು ಮಗಳು ಊಹೂಂ ಅಂದರೆ ಅಲ್ಲಿಗೆ ಮುಗಿಯಿತು. ಹೆಸರು, ಊರು ವರದಿಯಲ್ಲಿ ಬೇಡ. ಊರ ಹೆಸರು ತೆಗೆದು ‘ಕೋಟೆ ಪಕ್ಕದ ಹುಡುಗಿ, ಅಪ್ಪ ಟೇಲರ್’ ಅಂತ ಬರೆದರೆ ತೆಗೆದು ಏನು ಬಂತು?

ಕೊಪ್ಪಳ ಆಪ್ತ ಸಮಾಲೋಚಕಿ

ಇದಕ್ಕೆ ಒಂದು ಸೇರಿಸಿ. ‘ನೀನು ಹೇಳಿದ್ದನ್ನು ಯಾರಿಗೂ ಹೇಳೋಲ್ಲ’ ಅಂತ ಯಾವ ಮಗುವಿಗೂ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. ಮೊದಲೇ ಹೀಗೆ ಹೇಳಿ: ‘ನಿನ್ನ ಮಾತು ನನ್ನ ಹತ್ತಿರವೇ ಇರುತ್ತದೆ. ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ಸಹಾಯ ಮಾಡುವವರಿಗೆ ಹೇಳಬೇಕಾಗುತ್ತದೆ.’ ಇಷ್ಟು ಕೇಳಿದ ಮೇಲೂ ಮಕ್ಕಳು ಮಾತಾಡುತ್ತಾರೆ. 1098 ಮಕ್ಕಳ ಸಹಾಯವಾಣಿ, 14416 ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಎರಡೂ ನಂಬರ್ ಪ್ರತಿ ವಿದ್ಯಾರ್ಥಿಯ ಡೈರಿಯ ಮೊದಲ ಪುಟದಲ್ಲಿರಲಿ.

ಕೌಲ್‌ಬಜಾರ್ ಕಟ್ಟೆ, ಬಳ್ಳಾರಿ

ಬರೆದುಕೊಂಡೆ. ಈ ಸಲದ ಕೆಲಸ ಹೀಗೆ ಕೊಡುತ್ತೇನೆ. ಪ್ರತಿ ವಿದ್ಯಾರ್ಥಿ ಒಂದೇ ಮಗುವನ್ನು ಇಂಟರ್ನ್‌ಶಿಪ್ ಪೂರ್ತಿ ನೋಡಬೇಕು. ಮೊದಲ ವಾರ ಕಂಡದ್ದು ಮಾತ್ರ ಬರೆಯಬೇಕು. ‘ಸೋಮಾರಿ’ ಬೇಡ, ‘ಎರಡನೇ ಪಿರಿಯಡ್‌ನಲ್ಲಿ ತಲೆ ಇಟ್ಟು ಮಲಗಿದ, ಊಟದ ನಂತರ ಆಟಕ್ಕೆ ಓಡಿದ’ ಅಂತ ಬೇಕು. ಎರಡನೇ ವಾರದಲ್ಲಿ ಆ ಮಗು ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತದೆ ಅಂತ ಅದರ ಬಾಯಿಂದಲೇ ಕೇಳಿ ಬರೆಯಬೇಕು. ಹಾಲ್, ಎರಿಕ್‌ಸನ್, ಪಿಯಾಜೆ ಬರುವುದು ಆಮೇಲೆ. ಯಾರು ಹೇಳಿದ್ದು ಈ ಮಗುವಿಗೆ ಹೊಂದಿತು, ಯಾರದ್ದು ಹೊಂದಲಿಲ್ಲ, ಯಾಕೆ?

ಮಸ್ಕಿ ಮಾಸ್ತರೆ, ದಾರ, ಕಲ್ಲು ತಗೊಂಡು ನಮ್ಮ ಕಾಲೇಜಿಗೆ ಒಂದು ದಿನ ಬರ್ತೀರಾ?

ಮಸ್ಕಿ ಮಾಸ್ತರ

ಬರ್ತೀನಿ ಸರ್. ಡೆಪ್ಯುಟೇಶನ್ ಪತ್ರ ಕಳಿಸಿ, ಹೆಡ್‌ಮಾಸ್ತರು ಸುಮ್ನೆ ಬಿಡಲ್ಲ. ಕಲ್ಲು ನಿಮ್ಮ ಬಳ್ಳಾರಿಯಲ್ಲೇ ಬೇಕಾದಷ್ಟು ಸಿಗುತ್ತದೆ.

ಬಿಎಡ್ ಎರಡನೇ ವರ್ಷ, ಸಂಡೂರು

ಸರ್, ಒಂದೇ ಮಗು ಅಂದರೆ ಹುಡುಗನಾ ಹುಡುಗಿಯಾ? ನಾವೇ ಆರಿಸಬಹುದಾ?

ಕೌಲ್‌ಬಜಾರ್ ಕಟ್ಟೆ, ಬಳ್ಳಾರಿ

ಆರಿಸೋಕೆ ಬಿಟ್ಟರೆ ಎಲ್ಲರೂ ಮೊದಲ ಬೆಂಚಿನವರನ್ನೇ ಹಿಡಿಯುತ್ತೀರಿ. ಹಾಜರಿ ಪುಸ್ತಕದಿಂದ ಚೀಟಿ ಎತ್ತಿಸುತ್ತೇನೆ. ಶಾಲೆಗೆ ಸರಿಯಾಗಿ ಬಾರದವನ ಹೆಸರು ಬಂದರೆ ಚೀಟಿ ಬದಲಿಸುವಂತಿಲ್ಲ. ಅವನ ಮನೆ ಹುಡುಕಿಕೊಂಡು ಹೋಗಬೇಕು.